ಎಂಟನೆಯ ಗಂಟು

ಸಾಂತಾ ಎದುವಿಗೆಸ್ ಗಣಿ
10 ಮಾರ್ಚ್ 1968

ಅಕ್ಕಾ,

ಮೊದಲು ಸಿಹಿ ಸುದ್ದಿ. ನಾನು ಸುರಂಗದಿಂದ ಹೊರಗೆ ಬಂದೆ. ಇನ್ನು ನೆಲದಡಿಯ ಕೆಲಸವಿಲ್ಲ. ಏಳು ವರ್ಷ ದೀಪದ ಟೋಪಿ ಹಾಕಿಕೊಂಡು ದುಡಿದವನಿಗೆ ಹಗಲಲ್ಲಿ ಸೂರ್ಯನನ್ನು ನೋಡುವುದೇ ಹಬ್ಬ. ರುಫೀನಾ ಅಳುತ್ತಾ ನಗುತ್ತಾ ಸಂತ ಎದುವಿಗೆಸಳ ಪಟದ ಮುಂದೆ ಮೇಣದ ಬತ್ತಿ ಹಚ್ಚಿಟ್ಟಳು. "ಅಂತೂ ನಾನು ವಿಧವೆ ಆಗೋದು ಇಪ್ಪತ್ತು ವರ್ಷ ಮುಂದಕ್ಕೆ ಹೋಯ್ತು" ಅಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ.

ಹೊಸ ಕೆಲಸ ಕೆಸರುಕೆರೆಯ ಏರಿಯ ಮೇಲೆ. ನೀನು ನನ್ನ ಮದುವೆಗೆ ಬಂದಾಗ ದೂರದಿಂದ ನೋಡಿ "ಇದೆಂಥ ಕೆರೆಯೋ, ಒಂದು ಹಕ್ಕಿಯೂ ಕೂತಿಲ್ಲ" ಅಂದಿದ್ದೆಯಲ್ಲ, ಅದೇ. ಗಿರಣಿಯಲ್ಲಿ ಅದಿರು ಅರೆದು ಸೀಸ ತೆಗೆದ ಮೇಲೆ ಉಳಿದ ಕೆಸರನ್ನೆಲ್ಲ ಅಲ್ಲಿಗೆ ಬಿಡುತ್ತಾರೆ. ಅದನ್ನು ತಡೆದು ನಿಲ್ಲಿಸಿರುವುದು ಒಂದು ಮಣ್ಣಿನ ಏರಿ. ಏರಿಯೊಳಕ್ಕೆ ಏಳು ಕೊಳವೆ ಇಳಿಸಿದ್ದಾರೆ. ದಿನಾ ಬೆಳಗ್ಗೆ ಒಂದೊಂದರಲ್ಲೂ ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟು, ನೀರು ಎಷ್ಟು ಆಳದಲ್ಲಿ ಸಿಗುತ್ತದೆಂದು ಪುಸ್ತಕದಲ್ಲಿ ಬರೆಯಬೇಕು. ಹಗ್ಗದಲ್ಲಿ ಮೊಳಕ್ಕೊಂದು ಗಂಟು. ಹನ್ನೆರಡು, ಹದಿಮೂರು ಗಂಟು ಇಳಿದರೆ ಏರಿಯ ಹೊಟ್ಟೆ ಒಣಗಿದೆ ಎಂದು ಲೆಕ್ಕ. ನೀರು ಮೇಲೆ ಬಂದಷ್ಟೂ ಮಣ್ಣು ನೆನೆದಿದೆ ಎಂದು. ಎಂಟನೆಯ ಗಂಟಿಗೆ ಕೆಂಪು ಬಟ್ಟೆ ಸುತ್ತಿದ್ದಾರೆ.

ಕೆಲಸ ಕಲಿಸುತ್ತಿರುವುದು ಮುದುಕ ಮೆಲ್ಚೋರ್. ಎದೆ ಹಾಳಾಗಿದೆ, ಎರಡು ಮಾತಿಗೊಮ್ಮೆ ಕೆಮ್ಮು. ಮೊದಲ ದಿನವೇ ನನ್ನ ತೋಳು ಹಿಡಿದು ಹೇಳಿದ: "ನೋಡಯ್ಯ, ನೀರು ಈ ಕೆಂಪು ಬಟ್ಟೆ ಮುಟ್ತು ಅಂದ್ರೆ ಯಾರನ್ನೂ ಕೇಳೋಕೆ ಹೋಗ್ಬೇಡ. ಗಿರಣಿ ನಿಲ್ಲಿಸು, ಕಣಿವೆಗೆ ಆಳು ಓಡ್ಸು. ಇಂಜಿನಿಯರ್ ಊಟಕ್ಕೆ ಕೂತಿದ್ರೆ ತಟ್ಟೆ ಕಿತ್ಕೋ."

ಏರಿಯ ಮೇಲೆ ನಿಂತರೆ ಕೆಳಗೆ ಕಣಿವೆಯ ತಿರುವಿನಾಚೆ ನಮ್ಮೂರು ಮಯುಕುಚುವಿನ ಒಲೆಹೊಗೆ ಕಾಣುತ್ತದೆ. ದಿನಾ ಬೆಳಗ್ಗೆ ಅದನ್ನು ನೋಡಿ, ಅಕ್ಕ ಎದ್ದಳು ಅಂದುಕೊಳ್ಳುತ್ತೇನೆ.

ನಿನ್ನ
ನಿಕಾನೋರ್


ಮಯುಕುಚು
2 ಏಪ್ರಿಲ್ 1968

ನಿಕಾನೋರ್,

ನಿನ್ನ ಪತ್ರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಅಮ್ಮ ವಿಷಮಜ್ವರದಲ್ಲಿ ಹೋದಾಗ ನಿನಗೆ ಐದು, ನನಗೆ ಹದಿನೇಳು. ಬೂದಿಯ ಮೇಲೆ ಬೆರಳಾಡಿಸಿ ನಿನಗೆ ಅಂಕಿ ಕಲಿಸಿದ್ದೆ. ಆ ಅಂಕಿಗಳಿಂದ ನೀನೀಗ ಇಡೀ ಕಣಿವೆಯನ್ನು ಕಾಯುತ್ತೀಯ ಎಂದು ಮಕ್ಕಳಿಗೆ ಹೇಳಿದೆ. ಕಾಸಿಲ್ಡಾಳ ನಡುವಿನ ಮಗಳು ಕೈ ಎತ್ತಿ, "ಟೀಚರ್, ಅವರು ಮಲಗೋದು ಯಾವಾಗ?" ಅಂದಳು. ಎಲ್ಲರೂ ನಕ್ಕರು.

ಕಾಸಿಲ್ಡಾ ನಿನಗೆ ನಮಸ್ಕಾರ ಹೇಳಿದ್ದಾಳೆ. ಗಂಡ ಸತ್ತ ಮೇಲೆ ಸೊರಗಿದ್ದಾಳೆ, ಆದರೆ ಮಾತು ಸೊರಗಿಲ್ಲ. "ನನ್ನ ಪಕ್ಕ ಕೂತ್ಕೊಂಡು ನನ್ನ ಸ್ಲೇಟ್ ನೋಡಿ ಬರೀತಿದ್ದೋನು ಈಗ ಗಣಿಯ ಪುಸ್ತಕ ಬರೀತಾನಾ?" ಎಂದು ಕೇಳುತ್ತಾಳೆ.

ಮೆಲ್ಚೋರ್ ಹೇಳಿದ್ದನ್ನು ಮರೆಯಬೇಡ. ಎದೆಗೆ ಉಣ್ಣೆ ಸುತ್ತಿಕೋ.

ದೆಲ್ಫಿನಾ


ಸಾಂತಾ ಎದುವಿಗೆಸ್
24 ಜೂನ್ 1968

ಅಕ್ಕಾ,

ಇಲ್ಲಿ ಎಂಥ ಹಿಮ ಅಂತೀಯ, ಬಕೆಟ್ಟಿನ ನೀರಿಗೆ ಬೆಳಗ್ಗೆ ಸುತ್ತಿಗೆ ಬೇಕು. ಮೆಲ್ಚೋರ್ ಹೊರಟುಹೋದ. ಕರಾವಳಿಯಲ್ಲಿರುವ ಮಗಳು ಬಂದು ಕರೆದುಕೊಂಡು ಹೋದಳು. ಲಾರಿ ಹತ್ತಿದ ಮೇಲೂ ಬಗ್ಗಿ ಹಗ್ಗದ ಬಗ್ಗೆ ಏನೋ ಹೇಳುತ್ತಿದ್ದ. ಕೆಮ್ಮಿನಲ್ಲಿ ಅರ್ಥವಾಗಲಿಲ್ಲ. ಈಗ ಏರಿಯ ಮೇಲೆ ನಾನು, ಮತ್ತೆ ಎಲೆಯುತೇರಿಯೋ ಅಂತ ಒಬ್ಬ. ಅವನದು ಸಲಿಕೆ ಕೆಲಸ. ಕೊರಕಲು ಬಿದ್ದ ಕಡೆ ಮಣ್ಣು ತುಂಬುವುದು. ಒಳ್ಳೆಯವನು, ಭಾನುವಾರ ಸ್ವಲ್ಪ ಕುಡಿಯುತ್ತಾನೆ.

ಹೋದ ವಾರ ಒಂದು ತಮಾಷೆ. ಮೈಯಲ್ಲಿ ಜ್ವರ, ಗಾಳಿಯಂತೂ ಚೂರಿ. ಆರು ಕೊಳವೆ ನೋಡಿದೆ. ಏಳನೆಯದು ಏರಿಯ ಆ ಕೊನೆಯಲ್ಲಿದೆ. ಮೂರು ತಿಂಗಳಿಂದ ಅದು ಹದಿಮೂರು ಬಿಟ್ಟು ಅಲ್ಲಾಡಿಲ್ಲ. ಹೋಗದೆಯೇ ಹದಿಮೂರು ಎಂದು ಬರೆದೆ. ಬರೆಯುವಾಗ ನೀನು ಬೆನ್ನ ಹಿಂದೆ ನಿಂತಿದ್ದೀಯ ಅನ್ನಿಸಿ ಕೈ ತಡೆಯಿತು. ಮಾರನೆಯ ದಿನ ಹೋಗಿ ನೋಡಿದರೆ, ಹದಿಮೂರೇ! ಜ್ವರ ಹಿಡಿದವನ ಊಹೆಯೂ ಸರಿಯಾಗಿತ್ತು ನೋಡು.

ನಿಕಾನೋರ್


ಮಯುಕುಚು
15 ಜುಲೈ 1968

ನಿಕಾನೋರ್,

ಬೈಯಬೇಕೆಂದು ಕೂತೆ, ನಗು ಬಂತು. ನಾನೇನು ಸಾಚಾ? ಆಲೂಗಡ್ಡೆ ಅಗೆಯುವ ತಿಂಗಳಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತದೆ. ಹಾಜರಿ ಕಡಿಮೆಯಾದರೆ ಶಾಲೆ ಮುಚ್ಚುತ್ತೇವೆ ಎಂದು ಇನ್‌ಸ್ಪೆಕ್ಟರು ಎರಡು ವರ್ಷದಿಂದ ಹೆದರಿಸುತ್ತಿದ್ದಾರೆ. ಹಾಗಾಗಿ ನಾನೂ ಬಾರದವರನ್ನು ಬಂದರೆಂದೇ ಬರೆಯುತ್ತೇನೆ. ಪಾದ್ರಿಯ ಹತ್ತಿರ ಪಾಪನಿವೇದನೆಯಲ್ಲಿ ಹೇಳಿಕೊಂಡಾಗ ಅವರು, "ಯಾರಿಗೂ ಕೆಡುಕಾಗ್ಲಿಲ್ವಲ್ಲ, ಹೋಗಮ್ಮ" ಎಂದು ಎರಡು ಪ್ರಾರ್ಥನೆ ಹೇಳಿಸಿ ಕಳಿಸಿದರು.

ಜ್ವರ ಇದ್ದಾಗ ಏರಿ ಹತ್ತಬೇಡ. ಒಣಗಿಸಿದ ಆಲೂಗಡ್ಡೆ ಒಂದು ಚೀಲ ಕಳಿಸಿದ್ದೇನೆ.

ದೆಲ್ಫಿನಾ


ಸಾಂತಾ ಎದುವಿಗೆಸ್
20 ಅಕ್ಟೋಬರ್ 1968

ಅಕ್ಕಾ,

ಎರಡು ಸುದ್ದಿ. ರುಫೀನಾ ಬಸುರಿ. ಮತ್ತೆ, ನಮಗೆ ಬೇರೆ ಮನೆ ಕೊಟ್ಟಿದ್ದಾರೆ. ಇಟ್ಟಿಗೆ ಗೋಡೆ, ಕಿಟಕಿಗೆ ಗಾಜು, ಒಲೆಗೆ ಹೊಗೆಗೂಡು. ಏರಿಯ ಎದುರಿನ ದಿಬ್ಬದ ಮೇಲಿದೆ. ರುಫೀನಾ ದಿನಕ್ಕೆ ಮೂರು ಸಲ ಗಾಜು ಒರೆಸುತ್ತಾಳೆ.

ಇದು ಹೇಗಾಯಿತೆಂದರೆ, ರಾಜಧಾನಿಯಿಂದ ತನಿಖೆಯವರು ಬರುವವರಿದ್ದರು. ಅದರ ಹಿಂದಿನ ದಿನ ಇಂಜಿನಿಯರ್ ಲಿಸಾರಾಗಾ ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ ಅಕ್ಕ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಪುಸ್ತಕ ತಿರುವಿ, "ನಾಲ್ಕನೇ ಕೊಳವೆ ಹತ್ತು ಅಂತ ಬರ್ದಿದ್ದೀಯಲ್ಲಪ್ಪ" ಅಂದರು.

"ಹೌದು ಸಾಹೇಬ್ರೆ. ಹತ್ತು ದಿನದಿಂದ ಹತ್ತೇ."

"ಹಗ್ಗ ಹಳೇದು. ನೆನೆದೂ ನೆನೆದೂ ಹಿಗ್ಗಿರುತ್ತೆ. ನಿನ್ನ ಹತ್ತು ಗಂಟು ಅಂದ್ರೆ ನಿಜವಾಗ್ಲೂ ಹನ್ನೊಂದು ಮೊಳ. ಹನ್ನೊಂದು ಅಂತ ತಿದ್ದಿಬಿಡು. ಸುಮ್ನೆ ಆ ಪಟ್ಟಣದವರು ಗಾಬರಿ ಬೀಳ್ತಾರೆ."

ಹಗ್ಗ ಹಿಗ್ಗುವುದು ನಿಜ. ಅಳತೆಪಟ್ಟಿ ಅವರ ಮೇಜಿನ ಮೇಲೇ ಇತ್ತು. ಒಂದು ಗಂಟಿನಿಂದ ಇನ್ನೊಂದಕ್ಕೆ ಹಿಡಿದು ನೋಡಬಹುದಿತ್ತು. ನೋಡಲಿಲ್ಲ. ತಿದ್ದಿದೆ. ತನಿಖೆಯವರು ಏರಿಯ ಮೇಲೆ ಕಾಲು ಗಂಟೆ ನಿಂತು, ಚಳಿಗೆ ಕೈ ಉಜ್ಜಿಕೊಂಡು ಊಟಕ್ಕೆ ಹೋದರು.

ನಿನ್ನ ಶಾಲೆಯ ಸೂರು ಸೋರುತ್ತದೆಂದು ಇಂಜಿನಿಯರರಿಗೆ ಹೇಳಿದ್ದೆ. ನಲವತ್ತು ತಗಡಿನ ಶೀಟು ಮುಂದಿನ ಲಾರಿಯಲ್ಲಿ ಬರುತ್ತದೆ. ಇಳಿಸಿಕೋ.

ನಿಕಾನೋರ್


ಮಯುಕುಚು
16 ನವೆಂಬರ್ 1968

ನಿಕಾನೋರ್,

ಸೂರು ಹಾಕಿಸಿದೆವು. ಊರಿನ ಗಂಡಸರೆಲ್ಲ ಬಂದು ಎರಡು ದಿನದಲ್ಲಿ ಮುಗಿಸಿದರು. ಆಲಿಕಲ್ಲು ಬಿದ್ದರೆ ಮಕ್ಕಳಿಗೆ ನನ್ನ ಮಾತೇ ಕೇಳಿಸುವುದಿಲ್ಲ, ಆದರೆ ಪುಸ್ತಕ ನೆನೆಯುವುದಿಲ್ಲ. ಎಲ್ಲರೂ ನಿನ್ನ ಹೆಸರು ಹೇಳಿ ಮುಸುಕಿನ ಜೋಳದ ಹೆಂಡ, ಚಿಚಾ ಕುಡಿದರು.

ನಾಲ್ಕನೆಯ ಕೊಳವೆಯ ವಿಷಯ ಎರಡು ಸಲ ಓದಿದೆ. ಹಗ್ಗ ಹಿಗ್ಗಿದ್ದರೆ ಉಳಿದ ಆರಕ್ಕೂ ಹಿಗ್ಗಿರಬೇಕಲ್ಲವೇ? ಕೇಳಬೇಕೆಂದಿದ್ದೆ. ಅಷ್ಟರಲ್ಲಿ ತಗಡು ಬಂತು. ಅದನ್ನು ಇಳಿಸಿಕೊಂಡ ಮೇಲೆ ಕೇಳಲು ನಾಲಿಗೆ ಏಳುತ್ತಿಲ್ಲ. ಆದರೂ ಬರೆದಿದ್ದೇನೆ.

ಇನ್ನೊಂದು. ಕಾಸಿಲ್ಡಾಳ ಮನೆ ಹಿಂದಿನ ಒರತೆ ಬೂದು ಬಣ್ಣಕ್ಕೆ ತಿರುಗಿದೆ. ಅದರಲ್ಲಿ ಉಣ್ಣೆ ತೊಳೆದರೆ ಹಲಗೆಯ ಹಾಗೆ ಸೆಟೆಯುತ್ತದೆ. "ನಿಮ್ಮ ತಮ್ಮನ್ನ ಕೇಳಿ ಅಕ್ಕಾ, ಮೇಲೆ ಏನ್ ಕಲಸ್ತಿದಾರೆ ಅಂತ" ಎಂದಳು. ಕೇಳಿ ಬರೆ.

ದೆಲ್ಫಿನಾ


ಸಾಂತಾ ಎದುವಿಗೆಸ್
19 ಜನವರಿ 1969

ಅಕ್ಕಾ,

ಬರೆಯುವುದು ತಡವಾಯಿತು. ಮಳೆಗಾಲ, ಬಿಡುವಿಲ್ಲ. ಒರತೆಯ ವಿಷಯ ಇಂಜಿನಿಯರರನ್ನು ಕೇಳಿದೆ. ಮಳೆಗೆ ಎಲ್ಲ ಒರತೆಯೂ ಕದಡುತ್ತದೆ ಎಂದರು. ಕಾಸಿಲ್ಡಾ ಸ್ವಲ್ಪ ದಿನ ನದಿಯಿಂದ ನೀರು ತರಲಿ.

ನನಗೆ ಮೇಲ್ವಿಚಾರಕನ ಕೆಲಸ ಕೊಟ್ಟಿದ್ದಾರೆ. ತಿಂಗಳ ಕೊನೆಗೆ ಏರಿ ಭದ್ರವಾಗಿದೆ ಎಂಬ ಕಾಗದಕ್ಕೆ ಇಂಜಿನಿಯರರ ಸಹಿಯ ಕೆಳಗೆ ನನ್ನ ಸಹಿಯೂ ಇರುತ್ತದೆ. ರುಫೀನಾ ಆ ಕಾಗದದ ಒಂದು ಪ್ರತಿಯನ್ನು ಗೋಡೆಗೆ ಹಾಕಬೇಕೆಂದಳು. ಬೇಡ ಎಂದೆ.

ಎಲೆಯುತೇರಿಯೋ ಇಲ್ಲಿಲ್ಲ. ಕ್ರಿಸ್‌ಮಸ್ ಆದ ಮೇಲೆ ಒಂದು ದಿನ ಗಿರಣಿಯ ಅಂಗಳದಲ್ಲಿ ಎಲ್ಲರೆದುರು ಕೂಗಾಡಿದ. ಏರಿಯ ಬುಡ ಬೆವರುತ್ತಿದೆ, ಸಲಿಕೆ ಇಟ್ಟರೆ ಸೊಂಟದವರೆಗೆ ಇಳಿಯುತ್ತದೆ ಎಂದು. ಇಂಜಿನಿಯರ್ ಹೊರಗೆ ಬಂದು ಅವನನ್ನಲ್ಲ, ನನ್ನನ್ನು ಕೇಳಿದರು. "ನಿಕಾನೋರ್, ದಿನಾ ನೋಡೋನು ನೀನು. ಏನಯ್ಯಾ ಅಲ್ಲಿ?"

ಸುತ್ತ ಐವತ್ತು ಜನ ನಿಂತಿದ್ದರು. "ಮಳೆ ನೀರು ಸಾಹೇಬ್ರೆ" ಅಂದೆ.

"ಇವನು ಕುಡಿದಿದಾನಾ?"

ಭಾನುವಾರ ಅವನು ಕುಡಿಯುವುದು ಎಲ್ಲರಿಗೂ ಗೊತ್ತು. ಅಂದು ಸೋಮವಾರ. ಹೌದು ಎಂದು ನಾನು ಹೇಳಲಿಲ್ಲ ಅಕ್ಕ, ತಲೆ ಆಡಿಸಿದೆ ಅಷ್ಟೆ. ಅವನಿಗೆ ಹೇಗೂ ಈ ಚಳಿ ಆಗಿಬರುತ್ತಿರಲಿಲ್ಲ. ಕೆಳಗೆ ಎಲ್ಲಾದರೂ ಹೊಲಗೆಲಸ ಸಿಕ್ಕಿರುತ್ತದೆ.

ನಿಕಾನೋರ್


ಮಯುಕುಚು
9 ಫೆಬ್ರವರಿ 1969

ನಿಕಾನೋರ್,

ಎಲೆಯುತೇರಿಯೋ ಮತ್ತು ಅವನ ಹೆಂಡತಿ ಕೆಳಕ್ಕೆ ಹೋಗುವಾಗ ನಮ್ಮೂರಲ್ಲಿ ಮೂರು ದಿನ ಇದ್ದರು. ನೀನು ಬರೆಯುವ ಮೊದಲೇ ನನಗೆ ಗೊತ್ತಿತ್ತು. ನೀನು ಹೇಗೆ ಬರೆಯುತ್ತೀಯ ಎಂದು ನೋಡಲು ಕಾದೆ.

ಅವನು ನಿನ್ನನ್ನು ಬೈಯಲಿಲ್ಲ. ನನ್ನ ಅಡುಗೆಮನೆಯಲ್ಲಿ ಕೂತು ಸೂಪು ಕುಡಿದು, "ನಿಮ್ಮ ತಮ್ಮ ನನ್ನ ಮುಖ ನೋಡ್ಲಿಲ್ಲ ಟೀಚರಮ್ಮ, ನನ್ನ ಬೂಟು ನೋಡ್ತಿದ್ದ" ಎಂದ. ಸಂಜೆ ಪ್ರಾರ್ಥನಾಮಂದಿರದ ಮುಂದೆ ಊರವರಿಗೆಲ್ಲ ಏರಿಯ ಬುಡದ ವಿಷಯ ಹೇಳಿದ. ಜನ ಹೆದರಿದರು. ಏಳೆಂಟು ಮನೆಯವರು ಮೇಲಿನ ಹುಲ್ಲುಗಾವಲಿಗೆ, ಲಾಮಾ ದೊಡ್ಡಿಗಳ ಹತ್ತಿರ ಹೋಗಿ ಮಳೆಗಾಲ ಮುಗಿಯುವವರೆಗೆ ಇರುತ್ತೇವೆಂದರು. ಕಾಸಿಲ್ಡಾ ಪಾತ್ರೆ ಕಟ್ಟಿಯೇ ಬಿಟ್ಟಿದ್ದಳು. ಮುದುಕ ಹಿಲಾರಿಯೋ ಎಲ್ಲರ ಪರವಾಗಿ ನನ್ನ ಹತ್ತಿರ ಬಂದ.

"ಟೀಚರಮ್ಮ, ನಿಮ್ಮ ತಮ್ಮ ಅಲ್ಲೇ ಇದಾನಲ್ಲ, ಅವನೇನಂತಾನೆ?"

ನಾನು ಹೇಳಿದೆ: "ಅಂಥದ್ದೇನಾದ್ರೂ ಇದ್ದಿದ್ರೆ ಅವನು ಮೊದಲು ನನಗೆ ಹೇಳ್ತಿದ್ದ."

ಅಷ್ಟು ಸಾಕಾಯಿತು. ಎಲ್ಲರೂ ಗಂಟುಮೂಟೆ ಬಿಚ್ಚಿದರು. ಕಾಸಿಲ್ಡಾ, "ಅಕ್ಕ ಹೇಳಿದ್ಮೇಲೆ ಮುಗೀತು" ಎಂದು ಪಾತ್ರೆ ಮತ್ತೆ ಗೂಡಿನಲ್ಲಿಟ್ಟಳು.

ಈಗ ನಿನ್ನ ಪತ್ರ ಬಂದಿದೆ. ನೀನು ತಲೆ ಆಡಿಸಿದ್ದು ಓದಿದೆ. ನನಗೆ ಒಂದೇ ಒಂದು ಮಾತು ಬೇಕು. ನಾನು ಅವರಿಗೆ ಹೇಳಿದ್ದು ನಿಜವೋ ಸುಳ್ಳೋ? ಬೇರೇನೂ ಬರೆಯಬೇಡ.

ದೆಲ್ಫಿನಾ


ಸಾಂತಾ ಎದುವಿಗೆಸ್
11 ಮಾರ್ಚ್ 1969

ಅಕ್ಕಾ,

ರುಫೀನಾ ಹೆತ್ತಳು. ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ಭಾನುವಾರ ದೀಕ್ಷಾಸ್ನಾನ. ಮಗುವನ್ನು ಎತ್ತಿ ಹಿಡಿಯುವ ಜ್ಞಾನಮಾತೆ ನೀನೇ. ಶುಕ್ರವಾರದ ಲಾರಿಗೆ ತಪ್ಪದೆ ಬಾ. ಶಾಲೆಗೆ ರಜೆ ಕೊಡು. ಶುಕ್ರವಾರವೇ ಬರಬೇಕು, ಶನಿವಾರ ಆಗುವುದಿಲ್ಲ.

ಹೊಲಿಗೆ ಯಂತ್ರ ತೆಗೆದುಕೊಂಡು ಬಾ, ಮಗುವಿಗೆ ಬಟ್ಟೆ ಹೊಲಿಯಬೇಕು. ಅಮ್ಮನ ಫೋಟೋವನ್ನೂ ತಾ. ಮನೆಯ ಪತ್ರಗಳಿದ್ದರೆ ಅವನ್ನೂ.

ಬೇರೆ ಯಾರನ್ನೂ ಕರೆದುಕೊಂಡು ಬರಬೇಡ. ಮನೆಯಲ್ಲಿ ಜಾಗವಿಲ್ಲ.

ನಿಕಾನೋರ್


ಮಯುಕುಚು
13 ಮಾರ್ಚ್ 1969

ನಿಕಾನೋರ್,

ಮೇಲಕ್ಕೆ ಹೊರಟಿರುವ ಲಾಮಾ ಕಾಯುವವನ ಕೈಯಲ್ಲಿ ಈ ಚೀಟಿ. ನಾಳೆ ಬರುತ್ತೇನೆ. ನಾನು ಕೇಳಿದ ಮಾತಿಗೆ ನೀನು ಉತ್ತರ ಕೊಟ್ಟಿಲ್ಲ. ಎದುರಿಗೆ ಕೂತು ಕೇಳುತ್ತೇನೆ.

ಮಗುವಿನ ಸುದ್ದಿ ಕೇಳಿ ಕಾಸಿಲ್ಡಾ ಕುಣಿದಳು. ಮೂರು ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆಂದು ಹೊಸ ಶಾಲು ಹೊದ್ದು ಬಾಗಿಲಲ್ಲಿ ನಿಂತಳು. ನೀನು ಬರೆದಿದ್ದೆಯಲ್ಲ, ಜಾಗವಿಲ್ಲ ಎಂದೆ. "ನೆಲದ ಮೇಲೆ ಮಲಗ್ತೀವಿ ಅಕ್ಕಾ, ನಾವೇನು ಬಿಷಪ್ಪಾ?" ಎಂದಳು. ಇನ್ನೊಮ್ಮೆ ಹೋಗುವೆಯಂತೆ ಎಂದು ಕಳಿಸಿದೆ. ಮುಖ ಚಿಕ್ಕದಾಯಿತು.

ಮಗುವಿಗೆ ಅಮ್ಮನ ಹೆಸರಿಡಿ.

ದೆಲ್ಫಿನಾ


ಮಠದ ಆಶ್ರಯಮನೆ, ಜಿಲ್ಲಾಪಟ್ಟಣ
6 ಏಪ್ರಿಲ್ 1969

ನಿಕಾನೋರ್,

ಮೂರು ವಾರದಿಂದ ಪೆನ್ನು ಹಿಡಿಯಲು ಆಗಿರಲಿಲ್ಲ. ಇಂದು ಈಸ್ಟರ್.

ಆ ಶನಿವಾರ ನಾವು ನಿನ್ನ ಮೇಜಿನ ಮುಂದೆ ಕೂತಿದ್ದೆವು. ಹನ್ನೊಂದು ಗಂಟೆ ಇರಬೇಕು. ರುಫೀನಾ ಮಗುವಿಗೆ ಹಾಲು ಕೊಡುತ್ತಿದ್ದಳು. ಹಿಂದಿನ ದಿನದಿಂದ ನಿನ್ನನ್ನು ಒಂಟಿಯಾಗಿ ಹಿಡಿಯಲು ನೋಡುತ್ತಿದ್ದೆ, ನೀನು ಸಿಕ್ಕಿರಲಿಲ್ಲ. ದೀಕ್ಷಾಸ್ನಾನಕ್ಕೆ ಪಾದ್ರಿ ಯಾವಾಗ ಬರುತ್ತಾರೆಂದು ಕೇಳಿದೆ. ರುಫೀನಾ ತಲೆ ಎತ್ತಿ, "ಯಾವ ಪಾದ್ರಿ ಅತ್ತಿಗೆ? ಅವರು ಬರೋದು ಈಸ್ಟರ್ ಆದ್ಮೇಲೆ ಅಲ್ವಾ?" ಅಂದಳು. ನಾನು ನಿನ್ನ ಕಡೆ ನೋಡಿದೆ. ನೀನು ಗಡಿಯಾರ ನೋಡುತ್ತಿದ್ದೆ.

ಆಮೇಲೆ ಆ ಶಬ್ದ. ಬಂಡೆ ಉರುಳಿದ ಹಾಗಲ್ಲ. ಯಾರೋ ದೊಡ್ಡ ಕಂಬಳಿ ಹರಿದ ಹಾಗೆ. ಗಾಜು ನಡುಗಿತು. ನಾನು, ರುಫೀನಾ, ಮಗು ಕೂಡ ಬೆಚ್ಚಿದೆವು. ನೀನು ಬೆಚ್ಚಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿಟ್ಟುಕೊಂಡು ಕೂತೇ ಇದ್ದೆ. ನಾನು ಕಿಟಕಿಗೆ ಓಡಿದೆ. ಏರಿಯ ನಡುಭಾಗ ಇರಲಿಲ್ಲ.

ನಾನು ಕಿರುಚಿಕೊಂಡು ಹೊರಗೆ ಓಡಿದೆ. ನೀನು ಹಿಂದೆ ಬಂದು ನನ್ನ ಶಾಲು ಹಿಡಿದೆ. "ಹೋಗ್ಬೇಡ ಅಕ್ಕಾ. ಈಗ ಏನೂ ಪ್ರಯೋಜನವಿಲ್ಲ" ಅಂದೆ. ಶಾಲು ನಿನ್ನ ಕೈಯಲ್ಲೇ ಉಳಿಯಿತು.

ರಸ್ತೆ ಇರಲಿಲ್ಲ. ಬೆಟ್ಟದ ಮೇಲಿನಿಂದ ನಡೆದು ಮಾರನೆಯ ದಿನ ಮಧ್ಯಾಹ್ನ ತಲುಪಿದೆ. ತಲುಪಿದೆ ಎಂದು ಹೇಗೆ ಹೇಳಲಿ, ತಲುಪಲು ಊರಿರಲಿಲ್ಲ. ಒಂದು ಬೂದು ಬಯಲು, ಅದರ ಮೇಲೆ ಪ್ರಾರ್ಥನಾಮಂದಿರದ ಶಿಲುಬೆ ಮೊಣಕಾಲೆತ್ತರಕ್ಕೆ. ಕಾಲಿಟ್ಟರೆ ಹೀರಿಕೊಳ್ಳುವ ಕೆಸರು. ಲಾಮಾ ಮೇಯಿಸಲು ಮೇಲೆ ಹೋಗಿದ್ದ ಹದಿನೇಳು ಜನ ಅಂಚಿನಲ್ಲಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಮುದುಕ ಹಿಲಾರಿಯೋ ಒಂದು ಕೋಲಿನಿಂದ ಕೆಸರನ್ನು ಚುಚ್ಚುತ್ತಾ, ತನ್ನ ಮನೆ ಎಲ್ಲಿತ್ತೆಂದು ಹುಡುಕುತ್ತಿದ್ದ. ನನ್ನನ್ನು ನೋಡಿ ಕೈಮುಗಿದ. "ಟೀಚರಮ್ಮ, ದೇವರು ನಿಮ್ಮನ್ನಾದ್ರೂ ಉಳಿಸಿದ" ಎಂದ.

ನೂರ ನಾಲ್ಕು ಜನ. ಕಾಸಿಲ್ಡಾ ಎಂಟನೆಯ ದಿನ ಸಿಕ್ಕಿದಳು, ಇಬ್ಬರು ಮಕ್ಕಳನ್ನು ಅವಚಿಕೊಂಡು. ಚಿಕ್ಕವಳು ಇನ್ನೂ ಸಿಕ್ಕಿಲ್ಲ. ತಗಡಿನ ಒಂದು ಶೀಟು ಎರಡು ಹರದಾರಿ ಕೆಳಗೆ ಮರಕ್ಕೆ ಸುತ್ತಿಕೊಂಡಿತ್ತು.

ಹೊಲಿಗೆ ಯಂತ್ರ, ಅಮ್ಮನ ಫೋಟೋ, ಮನೆಯ ಪತ್ರ. ಅಡಿಗೆರೆ ಹಾಕಿದಂತೆ ಆ ಸಾಲುಗಳು ಕಣ್ಣ ಮುಂದೆ ನಿಲ್ಲುತ್ತವೆ. ನಿನಗೆ ಯಾವತ್ತು ಗೊತ್ತಾಯಿತು?

ದೆಲ್ಫಿನಾ


ಸಾಂತಾ ಎದುವಿಗೆಸ್
20 ಏಪ್ರಿಲ್ 1969

ಅಕ್ಕಾ,

ಮಾರ್ಚ್ ಹತ್ತು, ಸೋಮವಾರ. ನಾಲ್ಕನೆಯ ಕೊಳವೆಯಲ್ಲಿ ನೀರು ಕೆಂಪು ಬಟ್ಟೆಗೆ ಬಂದಿತ್ತು. ಬಟ್ಟೆ ಒದ್ದೆಯಾಗಿ ನನ್ನ ಕೈಗೆ ಬಣ್ಣ ಹತ್ತಿತು. ಪುಸ್ತಕದಲ್ಲಿ ಅಂದಿನ ಸಾಲಿನಲ್ಲಿ ಹನ್ನೊಂದು ಎಂದಿದೆ. ಅದನ್ನು ಬರೆದವನೂ ನಾನೇ. ಅಷ್ಟು ಹೊತ್ತಿಗೆ ಐದು ತಿಂಗಳಿಂದ ಹನ್ನೊಂದೇ ಬರೆಯುತ್ತಿದ್ದೆ.

ಇಂಜಿನಿಯರರ ಹತ್ತಿರ ಓಡಿದೆ, ಅದು ಸುಳ್ಳಲ್ಲ. ಅವರು ಬಿಳಚಿಕೊಂಡರು. ಬಂದರಿನಲ್ಲಿ ಹಡಗು ಕಾಯುತ್ತಿದೆ, ಶನಿವಾರ ಸಂಜೆ ಗಿರಣಿ ನಿಲ್ಲಿಸೋಣ, ಐದು ದಿನ ತಡೆಯುತ್ತದೆ ಎಂದರು. "ಕೆಳಗಿನೋರಿಗೆ ಹೇಳ್ಲಾ ಸಾಹೇಬ್ರೆ?" ಎಂದೆ. "ಹೇಳು. ಎಂದಿನಿಂದ ಅಂತ ಅವರು ಕೇಳ್ತಾರೆ. ಪುಸ್ತಕ ನಿನ್ನ ಕೈಬರಹದಲ್ಲಿದೆ" ಎಂದರು. ಅಷ್ಟೇ. ಹೆದರಿಸಲೂ ಇಲ್ಲ, ದನಿ ಎತ್ತಲೂ ಇಲ್ಲ.

ಅಂದು ಮಧ್ಯಾಹ್ನ ಲಾರಿನಿಲ್ದಾಣದವರೆಗೆ ಹೋದೆ. ಇಳಿದು ಬಂದು ಎಲ್ಲರಿಗೂ ಹೇಳಬೇಕೆಂದೇ ಹೋದೆ. ಅಲ್ಲಿ ನಿಂತು ಯೋಚಿಸಿದೆ. ಒಬ್ಬರಿಗೆ ಹೇಳಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಐದು ದಿನದಲ್ಲಿ ಏನೂ ಆಗದಿದ್ದರೆ? ನನ್ನ ಮನೆ, ಸಹಿ, ಎಲೆಯುತೇರಿಯೋ, ಎಲ್ಲ ಹೊರಗೆ ಬರುತ್ತದೆ, ಅದೂ ಏನೂ ಆಗದ ಒಂದು ವಿಷಯಕ್ಕೆ. ಏನೂ ಆಗುವುದಿಲ್ಲ ಅಂದುಕೊಂಡೆ. ಆದರೆ ಮನೆಗೆ ಬಂದು, ಮಾರನೆಯ ದಿನ ನಿನಗೆ ಬರೆದೆ. ಏನೂ ಆಗುವುದಿಲ್ಲ ಎಂದು ನಿಜವಾಗಿ ನಂಬಿದ್ದರೆ ನಿನ್ನನ್ನು ಯಾಕೆ ಕರೆಸುತ್ತಿದ್ದೆ? ಆ ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ಕಾಸಿಲ್ಡಾ ನಿನ್ನ ಜೊತೆ ಬಂದರೆ, ಅವಳ ಹಿಂದೆ ಇನ್ನೊಬ್ಬರು ಬರುತ್ತಾರೆ, ಯಾಕೆ ಎಂದು ಯಾರಾದರೂ ಕೇಳುತ್ತಾರೆ ಎಂದು ಹೆದರಿದೆ. ಅದಕ್ಕೇ ಜಾಗವಿಲ್ಲ ಎಂದು ಬರೆದದ್ದು.

ಏಳನೆಯ ಕೊಳವೆಗೆ ಹೋಗದೆ ಹದಿಮೂರು ಬರೆದ ದಿನ ಯಾರೂ ಸಾಯಲಿಲ್ಲ ಅಕ್ಕ. ಯಾವತ್ತೂ ಯಾರೂ ಸಾಯಲಿಲ್ಲ, ಕೊನೆಯ ದಿನದವರೆಗೆ.

ಈಗ ನ್ಯಾಯಾಧೀಶರು ವಿಚಾರಣೆ ಮಾಡುತ್ತಾರೆ. ಅಂದು ಬೆಳಗ್ಗೆ ನೆಲ ನಡುಗಿತ್ತು ಎಂದು ನಾವೆಲ್ಲ ಹೇಳಬೇಕಂತೆ. ಭೂಕಂಪವಾದರೆ ಯಾರ ತಪ್ಪೂ ಅಲ್ಲ. ಗಣಿಯವರು ಹೊಸ ಊರು ಕಟ್ಟಿಕೊಡುತ್ತಾರೆ, ಶಾಲೆಯೂ ಇರುತ್ತದೆ. ನೀನು ಮತ್ತೆ ಪಾಠ ಮಾಡಬಹುದು. ನಾನು ಹಾಗೇ ಹೇಳುತ್ತೇನೆ ಎಂದು ಒಪ್ಪಿದ್ದೇನೆ. ನನ್ನ ಪತ್ರಗಳನ್ನು ಸುಟ್ಟುಬಿಡು. ಮಗುವಿಗೆ ಇನ್ನೂ ಒಂದೂವರೆ ತಿಂಗಳು.

ನಿಕಾನೋರ್


ಜಿಲ್ಲಾಪಟ್ಟಣ
27 ಏಪ್ರಿಲ್ 1969

ನಿಕಾನೋರ್,

ಸುಟ್ಟಿಲ್ಲ.

ಮೇ ಐದು, ಸೋಮವಾರ, ಬೆಳಗ್ಗೆ ಹತ್ತಕ್ಕೆ ನ್ಯಾಯಾಲಯದ ಬಾಗಿಲಲ್ಲಿರುತ್ತೇನೆ. ಹನ್ನೆರಡರವರೆಗೆ ಕಾಯುತ್ತೇನೆ. ನೀನು ಬಂದರೆ ಪತ್ರಗಳನ್ನು ನಿನ್ನ ಕೈಗೆ ಕೊಡುತ್ತೇನೆ, ನೀನೇ ಒಳಗೆ ತೆಗೆದುಕೊಂಡು ಹೋಗು. ನಾನು ಪಕ್ಕದಲ್ಲಿರುತ್ತೇನೆ. ಚಿಕ್ಕಂದಿನಲ್ಲಿ ನೀನು ಹಿಲಾರಿಯೋನ ಕುರಿಮರಿಗೆ ಕಲ್ಲು ಹೊಡೆದು ಕೊಂದಾಗಲೂ ನಿನ್ನ ಜೊತೆ ಅವನ ಬಾಗಿಲಿಗೆ ಬಂದಿದ್ದೆ.

ದೆಲ್ಫಿನಾ


ಜಿಲ್ಲಾಪಟ್ಟಣ
5 ಮೇ 1969

ನಿಕಾನೋರ್,

ಹನ್ನೆರಡರವರೆಗೆ ಎಂದಿದ್ದೆ. ಎರಡು ಗಂಟೆಯವರೆಗೆ ಕಾದೆ. ಗಣಿಯ ಕಡೆಯಿಂದ ಬಂದ ಎರಡು ಲಾರಿಯನ್ನೂ ನೋಡಿದೆ, ಇಳಿದವರೆಲ್ಲರ ಮುಖ ನೋಡಿದೆ.

ಆಮೇಲೆ ಒಳಗೆ ಹೋದೆ. ಗುಮಾಸ್ತ ಪತ್ರಗಳನ್ನು ಒಂದೊಂದಾಗಿ ಬಿಡಿಸಿ ಓದಿದ. ಕೊನೆಯದನ್ನು ಓದಿ ಕನ್ನಡಕ ತೆಗೆದ.

"ಇವನು ನಿಮಗೇನಾಗ್ಬೇಕಮ್ಮ?"

"ತಮ್ಮ."

"ಒಡಹುಟ್ಟಿದವನಾ?"

"ಹೌದು. ನಾನೇ ಸಾಕಿದೋನು."

ಅವನು ಪತ್ರಗಳನ್ನು ಮಡಚಿ ನನ್ನ ಕಡೆ ಸರಿಸಿದ. "ಒಡಹುಟ್ಟಿದವರ ಮೇಲೆ ಸಾಕ್ಷಿ ಹೇಳಲೇಬೇಕು ಅಂತ ಕಾನೂನಿಲ್ಲ. ಬೇಕಾದ್ರೆ ವಾಪಸ್ ತಗೊಂಡು ಹೋಗಿ, ನಾನು ನೋಡಿಲ್ಲ ಅಂತ ಇರ್ತೀನಿ. ಅವನು ಆಳು. ಆಳು ಒಳಗೆ ಹೋಗ್ತಾನೆ, ದೊಡ್ಡವರು ಹೊರಗೇ ಇರ್ತಾರೆ. ನೋಡ್ತಾ ಇರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಕೈ ಚಾಚಿದ್ದರೆ ಪತ್ರಗಳು ವಾಪಸು ಸಿಗುತ್ತಿದ್ದವು. ಆ ಕ್ಷಣ ನಿನಗೆ ಹನ್ನೊಂದು ಬರೆಯುವಾಗ ಹೇಗಿತ್ತೆಂದು ನನಗೆ ಗೊತ್ತಾಯಿತು. ತುಂಬ ಸುಲಭ. "ದೊಡ್ಡವರ ಹೆಸರೂ ಅದರಲ್ಲೇ ಇದೆ, ಬರ್ಕೊಳ್ಳಿ" ಎಂದೆ.

ನನ್ನ ಮಾತೂ ಇದೆ ಎಂದು ಹೇಳಿದೆ. ಹೋಗಲು ಹೊರಟವರನ್ನು ನಿಲ್ಲಿಸಿದ್ದು ನಾನು. ಕಾಸಿಲ್ಡಾಳನ್ನು ಬಾಗಿಲಿಂದ ತಿರುಗಿ ಕಳಿಸಿದ್ದು ನಾನು. ಗುಮಾಸ್ತ ಅದಕ್ಕೆ ಕಾನೂನಿನಲ್ಲಿ ಹೆಸರಿಲ್ಲ ಎಂದ, ಬರೆದುಕೊಳ್ಳಲಿಲ್ಲ. ನನ್ನ ಪತ್ರಗಳು ನಿನ್ನ ಹತ್ತಿರ ಇವೆ. ಅವನ್ನು ಸುಡಬೇಡ. ಕೇಳಿದರೆ ಕೊಡು.

ಹೊರಗೆ ಬಂದಾಗ ಹಿಲಾರಿಯೋ ಮೆಟ್ಟಿಲ ಮೇಲೆ ಕೂತಿದ್ದ. ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ, ಮೊದಲಿನಿಂದ. ಮುಗಿಸಿದ ಮೇಲೆ ಎದ್ದು, ಕೋಲೂರಿಕೊಂಡು ಹೊರಟುಹೋದ. ಆಶ್ರಯಮನೆಯಲ್ಲಿ ಇಂದು ಊಟಕ್ಕೆ ನನ್ನ ಪಕ್ಕದ ಜಾಗ ಖಾಲಿಯಿತ್ತು.

ಪೊಲೀಸರು ಗುರುವಾರ ಮೇಲೆ ಬರುತ್ತಾರೆ. ಈ ಪತ್ರ ಬುಧವಾರ ನಿನಗೆ ಸಿಗುತ್ತದೆ. ಒಂದು ದಿನ ಮೊದಲು ಸಿಗುವ ಹಾಗೆ ಬೇಕೆಂದೇ ಕಳಿಸುತ್ತಿದ್ದೇನೆ. ಓಡಿಹೋಗಲಿ ಎಂದಲ್ಲ. ನಿನ್ನಷ್ಟಕ್ಕೆ ನೀನೇ ಇಳಿದು ಬರಲು ಇನ್ನೂ ಒಂದು ದಿನ ಇದೆ ಎಂದು.

ಬಾರದಿದ್ದರೆ ಇಷ್ಟು ಮಾತ್ರ ಮಾಡು. ಅವರು ಬಾಗಿಲು ತಟ್ಟಿದಾಗ ಮಗುವನ್ನು ಎತ್ತಿಕೊಂಡು ನಿಲ್ಲಬೇಡ. ಮಗು ರುಫೀನಾಳ ಕೈಯಲ್ಲಿರಲಿ.

ನಿನ್ನ ಅಕ್ಕ
ದೆಲ್ಫಿನಾ